ರಿಜಿಸ್ಟರಿನಲ್ಲಿ ಇಲ್ಲದವರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ರೇವತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಶುದ್ಧ ಸುಳ್ಳು. ದಾವಣಗೆರೆಯ ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವನು ನಾನು. ತಪ್ಪು ಲೆಕ್ಕ ಕಂಡರೆ ಸಹಿಸುವುದಿಲ್ಲ, ಅಷ್ಟೇ. ನನ್ನ ಲೆಕ್ಕವೇ ತಪ್ಪು ಎಂದು ಯಾರಾದರೂ ಅಂದರೆ ಮಾತ್ರ ಸ್ವಲ್ಪ ಹೆಚ್ಚು ಸಹಿಸುವುದಿಲ್ಲ.

ನಿವೃತ್ತನಾಗಿ ಶಾಮನೂರಿನಲ್ಲಿ ಮನೆ ಕಟ್ಟಿಸಿಕೊಂಡ ಮೇಲೂ ಜನ ನನ್ನನ್ನು ಬಿಡಲಿಲ್ಲ. ಬೇಸಿಗೆ ಬಂತೆಂದರೆ ಅಂಕಪಟ್ಟಿ ಹಿಡಿದ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಾರೆ. ಗುರುಮೂರ್ತಿ ಸರ್, ನಮ್ಮ ಹುಡುಗನಿಗೆ ಅಲ್ಲಿ ಸೀಟು ಸಿಗುತ್ತದೆಯೇ, ಹುಡುಗಿಗೆ ಇಲ್ಲಿ ಸಿಗುತ್ತದೆಯೇ ಎಂದು ಕೇಳುತ್ತಾರೆ. ನಾನು ಒಂದು ಪೈಸೆ ಮುಟ್ಟುವುದಿಲ್ಲ. ನನ್ನದು ಒಂದೇ ಷರತ್ತು: ಫಲಿತಾಂಶ ಬಂದ ಮೇಲೆ ಬಂದು ಹೇಳಿ ಹೋಗಬೇಕು. ಅವರು ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಅದನ್ನು ನೋಡಿಯೇ ಅಂದಾಜು ಹೇಳುತ್ತೇನೆ. ಕೆಲಸದಲ್ಲಿದ್ದಾಗಲೇ ಶುರು ಮಾಡಿದ, ಹದಿನಾರು ವರ್ಷದ ರಿಜಿಸ್ಟರು ಅದು. ಅದರ ಮೇಲೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಹೋದ ಬೇಸಿಗೆಯಲ್ಲಿ ಹರಿಹರದಿಂದ ಹಿದಾಯತ್ ಎಂಬವರು ಮಗಳನ್ನು ಕರೆದುಕೊಂಡು ಬಂದರು. ಅವರದು ಗಾದಿ ಹೊಲಿಯುವ ಅಂಗಡಿ. ಅಂಗಿಯ ತೋಳಿನಲ್ಲಿ ಇನ್ನೂ ಹತ್ತಿ ಅಂಟಿತ್ತು. ಮಗಳು ನುಜತ್‌ಗೆ ಸಂಖ್ಯಾಶಾಸ್ತ್ರದ ಹುಚ್ಚು. ಅದನ್ನೇ ಕಲಿಸುವ ದೊಡ್ಡ ವಿಶ್ವವಿದ್ಯಾಲಯವೊಂದಿದೆ. ಇಡೀ ದೇಶಕ್ಕೆ ಐವತ್ತು ಸೀಟು. ಲಿಖಿತ ಪರೀಕ್ಷೆಯಲ್ಲಿ ಅವಳು ಪಾಸಾಗಿ, ಸಂದರ್ಶನಕ್ಕೆ ಕರೆ ಬಂದಿತ್ತು. ತೊಡಕು ಏನೆಂದರೆ, ಅವಳಿಗೆ ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಸೀಟು ಆಗಲೇ ಸಿಕ್ಕಿತ್ತು. ಶನಿವಾರದೊಳಗೆ ಮೂಲ ಅಂಕಪಟ್ಟಿ ಕೊಟ್ಟು ಸೇರಬೇಕು. ಆ ಸಂದರ್ಶನ ಇರುವುದು ಮುಂದಿನ ವಾರ, ಅಲ್ಲಿಗೂ ಅದೇ ಮೂಲ ಅಂಕಪಟ್ಟಿ ಬೇಕು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಅಂದು ಮಂಗಳವಾರ.

ನಾನು ರಿಜಿಸ್ಟರು ತೆಗೆದೆ. ಅದೇ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋಗಿಬಂದು ನನಗೆ ಹೇಳಿದವರು ಆರು ಜನ. ಆರಕ್ಕೆ ಆರೂ ಸೀಟು ಪಡೆದಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೂರಕ್ಕೆ ತೊಂಬತ್ತು ಪಾಲು ಸೀಟು ಸಿಕ್ಕಿತೆಂದೇ ತಿಳಿಯಿರಿ, ಇಂಜಿನಿಯರಿಂಗ್ ಬಿಡಿ ಎಂದೆ. ಹಿದಾಯತ್ ಎರಡೂ ಕೈ ಮುಗಿದರು. ರೇವತಿ ಚಹಾ ತಂದಳು.

ಹುಡುಗಿ ಮಾತ್ರ ಚಹಾ ಮುಟ್ಟಲಿಲ್ಲ. ರಿಜಿಸ್ಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹಾಳೆ ಹಿಂದೆ ಮುಂದೆ ಮಾಡಿ ಕೇಳಿದಳು:

"ಸರ್, ಸಂದರ್ಶನಕ್ಕೆ ಹೋಗ್ತೀನಿ ಅಂತ ನಿಮ್ಮನ್ನ ಕೇಳಾಕೆ ಬಂದೋರು ಒಟ್ಟು ಎಷ್ಟು ಜನ?"

ಯಾರಿಗೆ ನೆನಪಿರುತ್ತದಮ್ಮ, ಹದಿನೆಂಟೋ ಇಪ್ಪತ್ತೋ ಇರಬಹುದು, ಎಲ್ಲರ ನಂಬರೂ ಆ ವಿಶ್ವವಿದ್ಯಾಲಯದ ಹೆಸರು ಸೇರಿಸಿ ಫೋನಿನಲ್ಲಿ ಬರೆದಿಟ್ಟಿದ್ದೇನೆ ಎಂದೆ.

"ಹಂಗಾದ್ರೆ ಉಳಿದೋರು ಯಾಕ ಬರಲಿಲ್ಲ ಸರ್? ಸೀಟು ಸಿಕ್ಕೋರು ಸಿಹಿ ಹಿಡಕೊಂಡು ಬಂದಿರ್ತಾರೆ. ಸಿಗದಿದ್ದೋರು ನಿಮಗೆ ಮುಖ ತೋರಿಸಿರಾಕಿಲ್ಲ. ಇದ್ರಾಗೆ ಗೆದ್ದೋರು ಮಾತ್ರ ಅದಾರೆ."

ನನಗೆ ಮೈ ಉರಿದುಹೋಯಿತು. ಹದಿನೇಳು ವರ್ಷದ ಹುಡುಗಿ, ನನ್ನ ಮನೆಯಲ್ಲಿ ಕೂತು, ನನ್ನ ರಿಜಿಸ್ಟರಿಗೆ ಬೆರಳು ತೋರಿಸುವುದೆಂದರೇನು? ಹಿದಾಯತ್ ಗಾಬರಿಯಾಗಿ, ಮಗಳ ತೋಳು ಹಿಡಿದು ಸುಮ್ಮನಿರು ಎಂದರು. ಅಡುಗೆಮನೆಯ ಬಾಗಿಲಲ್ಲಿ ರೇವತಿ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅವಳು ನಗುತ್ತಿದ್ದಳೆಂದು ನನಗೆ ಗೊತ್ತಿತ್ತು.

ಹಾಗಾದರೆ ಈಗಲೇ ತೀರ್ಮಾನವಾಗಿ ಹೋಗಲಿ ಎಂದು ಫೋನನ್ನು ಅವಳ ಮುಂದೆ ನೂಕಿದೆ. ಅವಳು ಹೆದರಲಿಲ್ಲ, ಬೀಗಲೂ ಇಲ್ಲ. ಇಪ್ಪತ್ತು ಹೆಸರು ಹುಡುಕಿ ತೆಗೆದಳು. ರಿಜಿಸ್ಟರಿನ ಆರು ಜನರನ್ನು ಬಿಟ್ಟು, ಹದಿನಾಲ್ಕು ಜನಕ್ಕೂ ಒಬ್ಬೊಬ್ಬರಂತೆ ಫೋನು ಹಚ್ಚಿ, ಗುರುಮೂರ್ತಿ ಸರ್ ಮನೆಯಿಂದ ಮಾತಾಡುತ್ತಿದ್ದೇನೆ ಎಂದು ವಿನಯದಿಂದ ಕೇಳಿದಳು. ಸೀಟು ಸಿಗಲಿಲ್ಲ. ಸಿಗಲಿಲ್ಲ. ಸಿಗಲಿಲ್ಲ. ಹತ್ತನೆಯವರ ಹೊತ್ತಿಗೆ ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ತುಳಸಿಗೆ ನೀರು ಹಾಕಿದೆ. ಬೆಳಿಗ್ಗೆ ಒಮ್ಮೆ ಹಾಕಿ ಆಗಿತ್ತು.

ಹದಿಮೂರು ಜನರಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ. ಹದಿನಾಲ್ಕನೆಯವನು, ಆವರಗೆರೆಯ ಕೊಟ್ಟೂರೇಶ್, ಫೋನು ಎತ್ತಲಿಲ್ಲ. ಅವನು ನನ್ನ ಕ್ಲಾಸಿನಲ್ಲೇ ಎಲ್ಲರಿಗಿಂತ ಮುಂದಿದ್ದ ಹುಡುಗ. ಅವನಿಗೆ ಸಿಕ್ಕೇ ಸಿಕ್ಕಿರುತ್ತದೆ, ಬಂದು ಹೇಳಲು ಮರೆತಿದ್ದಾನೆ ಎಂದು ನಾನು ಹಟ ಹಿಡಿದೆ. ಹಿದಾಯತ್‌ರಿಗೆ ಅಂಗಡಿ ತೆರೆಯಬೇಕಿತ್ತು, ಮಗಳನ್ನು ಆಮೇಲೆ ನಾನೇ ತಂದು ಬಿಡುತ್ತೇನೆ ಎಂದ ಮೇಲೆ ಹೋದರು. ನಾನು ನುಜತ್‌ಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೀದಾ ಆವರಗೆರೆಗೆ ಹೊರಟೆ.

ಊರಲ್ಲಿ ಕೇಳಿಕೊಂಡು ಹೋದರೆ, ಕೊಟ್ಟೂರೇಶ್ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಒಳ್ಳೆಯ ಅಂಗಡಿ, ಇಬ್ಬರು ಕೆಲಸಗಾರರು. ನನ್ನನ್ನು ಕಂಡದ್ದೇ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬರ್ರಿ ಸರ್, ಕೂಡ್ರಿ ಸರ್ ಎಂದು ಸ್ಟೂಲು ಎಳೆದ. ಆದರೆ ಕಣ್ಣಿಗೆ ಕಣ್ಣು ಕೊಡಲಿಲ್ಲ. ಸೀಟು ಸಿಕ್ಕಿತ್ತೇನೋ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

"ನೂರಕ್ಕೆ ತೊಂಬತ್ತು ಅಂದಿದ್ರಿ ಸರ್. ಇದ್ದ ಸೀಟೂ ಬಿಟ್ಟು ಹೋದೆ. ಅಷ್ಟಿದ್ದೂ ಸಿಗಲಿಲ್ಲ ಅಂದ್ರೆ ನಾನೇ ದಡ್ಡ ಅನ್ಕಂಡೆ. ಆರು ವರ್ಷ ಆತು, ನಿಮ್ಮ ಬೀದ್ಯಾಗೆ ಬಂದಿಲ್ಲ ನಾನು."

ಕ್ಲಾಸಿನಲ್ಲಿ ನನಗಿಂತ ಮೊದಲು ಉತ್ತರ ಹೇಳುತ್ತಿದ್ದ ಹುಡುಗ, ನನ್ನ ಬಾಯಿಂದ ಬಂದ ಒಂದು ಅಂಕಿಯನ್ನು ನಂಬಿ ಆರು ವರ್ಷ ತನ್ನನ್ನು ತಾನು ದಡ್ಡ ಎಂದುಕೊಂಡಿದ್ದ. ಗೆದ್ದವರು ತಂದ ಪೇಡೆ ತಿನ್ನುತ್ತ ನಾನು ರಿಜಿಸ್ಟರು ಬರೆಯುತ್ತ ಕೂತಿದ್ದೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

"ದಡ್ಡ ನೀನಲ್ಲಪ್ಪ," ಎಂದೆ. "ಲೆಕ್ಕ ತಪ್ಪಿದ್ದು ನಂದು. ನಿನ್ನಂಗೆ ಇನ್ನೂ ಹದಿಮೂರು ಜನ ಅದಾರೆ."

ಅವನು ಮೊದಲ ಸಲ ತಲೆ ಎತ್ತಿದ. ಹದಿಮೂರು ಜನಾನಾ ಸರ್ ಎಂದು ಎರಡೆರಡು ಸಲ ಕೇಳಿದ. ನುಜತ್ ಪಕ್ಕದಿಂದ ಹೌದಣ್ಣ, ನಾನೇ ಮಾತಾಡಿದೆ ಎಂದಳು. ಆಮೇಲೆ ಅವನು ನಮ್ಮನ್ನು ಮಂಡಕ್ಕಿ ಮೆಣಸಿನಕಾಯಿ ತಿನ್ನಿಸದೆ ಬಿಡಲಿಲ್ಲ, ಮಾತಿಗೂ ಬರವಿರಲಿಲ್ಲ.

ಅಲ್ಲಿಂದ ಹರಿಹರಕ್ಕೆ ಹೋದೆವು. ಹಿದಾಯತ್ ಗಾದಿಯ ಬಾಯಿ ಹೊಲಿಯುತ್ತಿದ್ದರು. ಬೆಳಿಗ್ಗೆ ತೊಂಬತ್ತು ಎಂದು ಎದೆ ತಟ್ಟಿ ಹೇಳಿದ ಮನುಷ್ಯ ಮಧ್ಯಾಹ್ನ ಅವರ ಎದುರು ನಿಂತು ಅದು ಮೂವತ್ತು ಎನ್ನಬೇಕಿತ್ತು. ಹೇಳಿದೆ. ಇಪ್ಪತ್ತು ಜನರಲ್ಲಿ ಆರು, ಅಂದರೆ ಹತ್ತರಲ್ಲಿ ಮೂರು, ನನ್ನನ್ನು ಕ್ಷಮಿಸಿ, ತಪ್ಪು ಹಿಡಿದವಳು ನಿಮ್ಮ ಮಗಳೇ ಎಂದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದರು:

"ಆ ಇಪ್ಪತ್ತು ಜನದಾಗೆ, ನಿಮ್ಮ ಲೆಕ್ಕ ತಪ್ಪೈತೆ ಅಂದೋರು ಎಷ್ಟು ಜನ ಸರ್?"

ಒಬ್ಬರೂ ಇಲ್ಲ ಎಂದೆ.

"ಹಂಗಾದ್ರೆ ಹೋಗಿ ಬರಲಿ ಬಿಡ್ರಿ," ಎಂದರು.

ನುಜತ್ ಅದನ್ನೂ ಒಪ್ಪಲಿಲ್ಲ. ಅಬ್ಬಾಜಾನ್, ಅದೆಲ್ಲ ಲೆಕ್ಕಕ್ಕೆ ಬರೋದಿಲ್ಲ, ಹತ್ತರಲ್ಲಿ ಮೂರು ಅಂದರೆ ಮೂರೇ ಎಂದು ಅಪ್ಪನನ್ನೇ ತಿದ್ದಿದಳು. ನನಗೆ ನಗು ತಡೆಯಲಾಗಲಿಲ್ಲ. ಬಳಿಕ ಅವಳು ನನ್ನ ಕಡೆ ತಿರುಗಿದಳು. ಮೂರೆಂದು ಗೊತ್ತಿದ್ದೇ ಹೋಗುತ್ತೇನೆ, ಸಿಗದಿದ್ದರೆ ಹರಿಹರದಲ್ಲೇ ಬಿ.ಎಸ್ಸಿ.ಗೆ ಸೇರಿ ಮುಂದಿನ ವರ್ಷ ಮತ್ತೆ ಬರೆಯುತ್ತೇನೆ ಎಂದಳು. ಕೊನೆಗೆ ಹೇಳಿದಳು: "ಸಿಗಲಿಲ್ಲ ಅಂದ್ರೂ ನಿಮ್ಮ ಮನಿಗೆ ಬಂದು ಹೇಳ್ತೀನಿ ಸರ್."

ಶನಿವಾರ ಕಳೆಯಿತು. ಇಂಜಿನಿಯರಿಂಗ್ ಸೀಟು ಹೋಯಿತು. ಅವಳು ಅಪ್ಪನ ಜೊತೆ ಎರಡು ದಿನ ರೈಲಿನಲ್ಲಿ ಕೂತು ಸಂದರ್ಶನಕ್ಕೆ ಹೋಗಿಬಂದಳು. ಫಲಿತಾಂಶ ಬರುವುದಿದ್ದ ವಾರದಲ್ಲಿ ನನಗೆ ಊಟ ಸೇರಲಿಲ್ಲ. ನಿಮಗೇ ಸೀಟು ಸಿಗಬೇಕಾಗಿದೆಯೇನೋ ಎಂದು ರೇವತಿ ಛೇಡಿಸಿದಳು.

ಗುರುವಾರ ಹನ್ನೊಂದರ ಹೊತ್ತಿಗೆ ಗೇಟು ಸದ್ದಾಯಿತು. ನುಜತ್ ಒಬ್ಬಳೇ ನಿಂತಿದ್ದಳು. ಹದಿನಾರು ವರ್ಷ ನನ್ನ ಬಾಗಿಲಿಗೆ ಫಲಿತಾಂಶ ಹೇಳಲು ಯಾರು ಬಂದರೂ ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು: ಬಂದಿದ್ದಾರೆ, ಅಂದರೆ ಸಿಕ್ಕಿದೆ. ಇವಳು ಬಂದದ್ದರಿಂದ ಏನೂ ತಿಳಿಯುವಂತಿರಲಿಲ್ಲ. ಸಿಗದಿದ್ದರೂ ಇವಳು ಬರುವವಳೇ. ಕೈಯಲ್ಲಿ ಸಿಹಿಯ ಡಬ್ಬಿಯಿರಲಿಲ್ಲ. ಆದರೂ ಅವಳು ಚಪ್ಪಲಿ ಬಿಡುವುದನ್ನು ನೋಡುತ್ತ ನಿಂತಾಗ ಒಂದು ಮಾತು ಖಂಡಿತ ಅನ್ನಿಸಿತು: ಉತ್ತರ ಯಾವುದಾದರೂ ಇರಲಿ, ನನ್ನ ಮನೆಗೆ ಇಂಥ ವಿದ್ಯಾರ್ಥಿ ಹಿಂದೆ ಬಂದಿರಲಿಲ್ಲ.

"ಸಿಕ್ತು ಸರ್," ಎಂದಳು.

ಹತ್ತರಲ್ಲಿ ಮೂರು ಎಂದಿದ್ದೆನಲ್ಲಮ್ಮ, ನನ್ನ ಲೆಕ್ಕ ಮತ್ತೆ ತಪ್ಪಿತು ಎಂದೆ. ಕಣ್ಣು ಒರೆಸಿಕೊಳ್ಳುವುದು ಅವಳಿಗೆ ಕಾಣದಿರಲಿ ಎಂದು ಕನ್ನಡಕ ತೆಗೆದೆ.

"ತಪ್ಪಿಲ್ಲ ಸರ್. ಹತ್ತರಾಗೆ ಮೂರು ಜನಕ್ಕೆ ಸಿಗ್ತೈತೆ ಅಂತ್ಲೇ ಅಲ್ವಾ ಅದರ ಅರ್ಥ?"

ನೋಡಿ, ಆಗಲೂ ತಿದ್ದಿದಳು. ನನಗೆ ಒಂದಿಷ್ಟೂ ಕೋಪ ಬರಲಿಲ್ಲ. ಪಕ್ಕದ ಮನೆಯವರಿಗೆ, ಎದುರು ಮನೆಯವರಿಗೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳುವ ಹಾಗೆ ಒಳಗೆ ಕೂಗಿ ಹೇಳಿದೆ: "ರೇವತಿ, ಬಾರೇ ಇಲ್ಲಿ. ನನ್ನ ತಪ್ಪು ಹಿಡಿದ ಹುಡುಗಿಗೆ ಸೀಟು ಸಿಕ್ಕೈತೆ."