ಅತ್ತೆಯ ಪಿತ್ತಕೋಶ

ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಮುಂಚೆ ಅತ್ತೆ ಸರ್ಜನ್‌ರ ಕೈ ಹಿಡಿದು ಹೇಳಿದರು: "ನೋಡಮ್ಮ, ಬುಡಸಮೇತ ಕಿತ್ತುಹಾಕು. ಅರ್ಧಂಬರ್ಧ ಕೆಲಸ ನನಗೆ ಸೇರಲ್ಲ." ನನ್ನ ಕಡೆ ತಿರುಗಿ, "ನೀನೂ ಕೇಳಿಸ್ಕೊಂಡೆ ತಾನೆ?" ಎಂದರು. ತಲೆಯಾಡಿಸಿದೆ.

ನೋವು ಬಂದಾಗಲೆಲ್ಲ ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದವರು ಅವರು. ಜ್ವರ ಬಂದು ನಡುಗುವ ಹೊತ್ತಿಗೆ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಕೀವು ತುಂಬಿ ಬಿಗಿದಿತ್ತು. ಅವರ ಮಗ, ನನ್ನ ಗಂಡ, ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಹೂಂ ಎನ್ನಲೂ ಊಹೂಂ ಎನ್ನಲೂ ಹೊರಗೆ ಕೂತಿದ್ದವಳು ನಾನೊಬ್ಬಳೇ.

ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್. ನಡುವೆಯೇ ಸರ್ಜನ್ ಹೊರಗೆ ಬಂದರು. ನಾನು ಎದ್ದು ನಿಂತೆ.

"ಜೀವಕ್ಕೇನಿಲ್ಲ, ಕೂತ್ಕೊಳ್ಳಿ. ಸೂಜಿ ಹಾಕಿ ಕೀವು ಎಳೆದ ಮೇಲೇನೇ ಅದು ಹಿಡಿತಕ್ಕೆ ಸಿಕ್ಕಿದ್ದು. ಬುಡದಲ್ಲಿ ಎಲ್ಲಾ ಅಂಟಿ ಗಟ್ಟಿಯಾಗಿದೆ. ಪಿತ್ತಕೋಶದ ಕೊಳವೆ ಯಾವುದು, ಲಿವರ್‌ನಿಂದ ಕರುಳಿಗೆ ಹೋಗೋ ದೊಡ್ಡ ನಾಳ ಯಾವುದು, ಕಾಣ್ತಿಲ್ಲ. ಕಾಣದ್ದನ್ನ ನಾನು ಕತ್ತರಿಸಲ್ಲ."

"ಹೊಟ್ಟೆ ದೊಡ್ಡದಾಗಿ ಕೊಯ್ದರೆ?"

"ಕೊಯ್ಯಬಹುದು. ಅಲ್ಲೂ ಅಂಟಿದ್ದು ಅಂಟಿದ್ದೇ. ಮೇಲಿನ ಭಾಗ ತೆಗೆದು, ಕಲ್ಲೆಲ್ಲಾ ಬಾಚಿ, ಬುಡದ ಬಾಯಿ ಒಳಗಿಂದ ಹೊಲೀತೀನಿ. ಲಿವರ್‌ಗೆ ಅಂಟಿದ ಗೋಡೆ ಅಲ್ಲೇ ಇರ್ಲಿ. ಸ್ವಲ್ಪ ದಿನ ಪಿತ್ತ ಸೋರಬಹುದು, ಟ್ಯೂಬ್ ಇಟ್ಟಿರ್ತೀನಿ. ದೊಡ್ಡ ನಾಳಕ್ಕೆ ಕತ್ತರಿ ಬಿತ್ತೋ, ಜೀವನಪೂರ್ತಿ ಗೋಳು. ಅವರು ಬುಡಸಮೇತ ಅಂದಿದ್ರಲ್ಲ, ಅದಕ್ಕೇ ಕೇಳೋಕೆ ಬಂದೆ."

"ಬುಡ ಬಿಟ್ಟುಬಿಡಿ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಬಹಳ ದಿನಗಳಿಂದ ನಾನು ಯಾವುದಕ್ಕೂ ಹೀಗೆ ಉತ್ತರ ಕೊಟ್ಟಿರಲಿಲ್ಲ.

ಎಚ್ಚರವಾದ ಕೂಡಲೇ ಅತ್ತೆ ಕೇಳಿದರು: "ಪೂರ್ತಿ ಬಂತಾ?"

"ಇಲ್ಲ. ನಾನೇ ಬೇಡ ಅಂದೆ."

ಮುಖ ಗೋಡೆಗೆ ತಿರುಗಿತು. ಟ್ಯೂಬಿನಿಂದ ಚೀಲಕ್ಕೆ ಪಿತ್ತ ಇಳಿಯುತ್ತಿದ್ದಷ್ಟು ದಿನವೂ ನನ್ನೊಡನೆ ಮಾತಿಲ್ಲ. ನರ್ಸ್ ಬಂದರೆ ಮಾತ್ರ, "ನಮ್ಮ ಸೊಸೆ ಡಾಕ್ಟರಿಗೇ ಡಾಕ್ಟರು ಕಣಮ್ಮ. ಹೊಟ್ಟೆ ನಂದು, ಯಜಮಾನಿಕೆ ಅವಳದು" ಎನ್ನುವರು. ನಾನು ಚೀಲ ನೋಡುತ್ತಿದ್ದೆ. ಕಡುಹಸಿರು ಇಳಿಯುತ್ತಿತ್ತು. ಸೋರುವುದು ನಿಲ್ಲದಿದ್ದರೆ ಬಾಯಿ ಮೂಲಕ ಇನ್ನೊಂದು ಟ್ಯೂಬ್ ಬಿಡಬೇಕಾಗುತ್ತದೆ ಎಂದು ಸರ್ಜನ್ ಹೇಳಿದ್ದರು.

ನಿಂತಿತು. ಸರ್ಜನ್ ಟ್ಯೂಬ್ ಎಳೆಯುವಾಗ ಅತ್ತೆ ನನ್ನ ಮೊಣಕೈ ಹಿಡಿದರು. ಸರ್ಜನ್ ಹೊರಟ ಮೇಲೂ ಬಿಡಲಿಲ್ಲ.

"ಉಳಿದಿದ್ದು ನಾಳೆ ತೊಂದ್ರೆ ಕೊಟ್ರೆ?"

"ಕೊಡಬಹುದು ಅತ್ತೆ. ಆಗ ನೋಡ್ಕೊಳ್ಳೋಣ."

"ನೋಡ್ಕೊಳ್ಳೋಣ ಅಂದ್ರೆ? ಅಷ್ಟು ದಿನ ನೀನು ನನ್ನ ಜೊತೆ ಇರ್ತೀಯಾ?"

ಅವರು ನನ್ನ ಮುಖ ನೋಡಲಿಲ್ಲ.

"ಇರ್ತೀನಿ."

"ಸರಿ, ಹೋಗಿ ಮುಖ ತೊಳ್ಕೊಂಡು ಬಾ," ಎಂದು ಕೈ ಬಿಟ್ಟರು. "ನನಗಿಂತ ನೀನೇ ರೋಗಿ ಥರ ಕಾಣ್ತೀಯ."