ಪುಟ್ಟಿಯ ಗಂಜಿಯಲ್ಲಿ ಸೀಸ

ಹನ್ನೊಂದು ತಿಂಗಳ ಪುಟ್ಟಿಯ ರಕ್ತದಲ್ಲಿ ಸೀಸವಿದೆ ಎಂದು ಡಾಕ್ಟರು ಹೇಳಿ ಹದಿನೈದು ದಿನವಾಗಿತ್ತು. ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ನಿಲ್ಲಿಸದಿದ್ದರೆ ಮಗುವಿನ ಮಿದುಳಿಗೇ ಪೆಟ್ಟು ಎಂದಿದ್ದರು. ಪುಟ್ಟಿಯ ಅಮ್ಮನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಊರವರ ಅಕ್ಕಿ, ಹಾಲು, ಸೊಪ್ಪಿನಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವುದೇ ಅವಳ ಕೆಲಸ. ಊರಿಗೆಲ್ಲ ವರದಿ ಬರೆದುಕೊಡುವವಳ ಮನೆಯಲ್ಲೇ ಹೀಗಾಗಿತ್ತು.

ಅತ್ತೆಗೆ ಹೇಳಿ ಅಡುಗೆಮನೆಯ ಅಕ್ಕಿ, ಬೇಳೆ, ಹಾಲಿನ ಪುಡಿ, ಕ್ಯಾರೆಟ್ಟು ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿಸಿಕೊಂಡು ತನ್ನ ಲ್ಯಾಬಿಗೆ ಹೋದಳು. ಆಸಿಡ್‌ನಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟಳು. ಏನೂ ಇಲ್ಲ. ಮತ್ತೊಮ್ಮೆ ಒಯ್ದಳು, ಆಗಲೂ ಏನೂ ಇಲ್ಲ. ಮೂರನೇ ಸಲ ಮುಚ್ಚಳ ತೆಗೆದವಳು ಡಬ್ಬಿಯೊಳಗೆ ಸರಿಯಾಗಿ ನೋಡಿದಳು. ಅಕ್ಕಿ ಉದ್ದುದ್ದಕ್ಕೆ, ಬೆಳ್ಳಗೆ ಹೊಳೆಯುತ್ತಿತ್ತು. ಪುಟ್ಟಿಯ ಗಂಜಿಗೆ ಹಾಕುವುದು ನುಚ್ಚಕ್ಕಿ. ಅವಳಿಗೆ ತಲೆ ಕೆಟ್ಟುಹೋಯಿತು.

ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಅತ್ತೆ, ಈ ಅಕ್ಕಿ ಎಲ್ಲಿಂದ ಬಂತು?"

"ಪಕ್ಕದ ಮನೆಯಿಂದ ಇಸ್ಕೊಂಡೆ. ನಾಲ್ಕು ನೀರಲ್ಲಿ ತೊಳೆದು ಒಣಗಿಸಿ ಕೊಟ್ಟಿದೀನಿ."

"ಯಾಕೆ?"

"ಯಾಕೆ ಅಂದ್ರೆ? ನಿನ್ನ ಆಫೀಸಿನವ್ರು ನಮ್ಮನೆ ನುಚ್ಚು ನೋಡಿದ್ರೆ ಏನಂದ್ಕೋತಾರೆ? ನಿನ್ನ ಮರ್ಯಾದೆನೇ ಅಲ್ವಾ ಹೋಗೋದು."

ಹದಿನೈದು ದಿನ ಪಕ್ಕದ ಮನೆಯ ಅಕ್ಕಿ ಅಳೆದದ್ದಾಯಿತು. ಇಲ್ಲಿ ಮಗು ದಿನಕ್ಕೆರಡು ಹೊತ್ತು ಸೀಸ ನುಂಗುತ್ತಲೇ ಇದೆ. ಅಳಬೇಕೋ ಕಿರುಚಬೇಕೋ ಅವಳಿಗೆ ತಿಳಿಯಲಿಲ್ಲ. ಬಾಯಿ ಬಿಟ್ಟರೆ ರಾಮಾಯಣವಾಗುತ್ತದೆಂದು ಹಲ್ಲು ಕಚ್ಚಿಕೊಂಡು, ಪುಟ್ಟಿಯ ಬಟ್ಟಲಿನಿಂದಲೇ ಎರಡು ಚಮಚ ಗಂಜಿ ತೆಗೆದು ಬಾಟಲಿಗೆ ಹಾಕಿಕೊಂಡಳು.

"ಉಣ್ಣೋ ಮಗು ಮುಂದಿಂದ ಕಿತ್ಕೊಂಡು ಹೋಗ್ತೀಯಲ್ಲ, ನೀನೆಂಥ ತಾಯಿ," ಎಂದರು ಅತ್ತೆ.

ಮರುದಿನ ಯಂತ್ರದ ಅಂಕಿ ಏರಿ ಕೂತಿತು. ಗಂಜಿ ಕೊಡಬೇಡಿ ಎಂದು ಮನೆಗೆ ಫೋನು ಮಾಡಿ, ಅರ್ಧ ದಿನ ರಜೆ ಹಾಕಿ ಬಂದಳು.

"ಗಂಜಿಗೆ ಏನೇನು ಹಾಕ್ತೀರಿ? ಒಂದೂ ಬಿಡದೆ ಹೇಳಿ."

"ನುಚ್ಚು, ಬೇಳೆ, ಉಪ್ಪು, ಚಿಟಿಕೆ ಅರಿಶಿನ."

"ಅರಿಶಿನ ನೀವು ನಂಗೆ ಕೊಡಲೇ ಇಲ್ಲ."

"ಅದು ಪುಟ್ಟಿದು ಕಣೆ. ನಮಗೆಲ್ಲ ಹಾಕೋದು ಬೇರೆ." ಅತ್ತೆ ಕಪಾಟಿನ ಹಿಂಬದಿಯಿಂದ ಪುಟ್ಟ ಡಬ್ಬಿ ತೆಗೆದರು. "ಇಡೀ ಮಾರ್ಕೆಟ್ಟು ಸುತ್ತಿ, ಎಲ್ಲಕ್ಕಿಂತ ಚೆನ್ನಾಗಿ ಬಣ್ಣ ಬಿಡೋದನ್ನೇ ಆರಿಸಿ ತಂದೆ."

ಕಣ್ಣು ಕುಕ್ಕುವ ಹಳದಿ. ಸೀಸದ ಬಣ್ಣ ಬೆರೆಸಿದ ಅರಿಶಿನವನ್ನು ಅವಳು ಕೆಲಸದಲ್ಲಿ ಎಷ್ಟೋ ಸಲ ಕಂಡಿದ್ದಳು. ಹಾಗೆಂದು ಅತ್ತೆಗೆ ಹೇಳಿದಳು.

ಅತ್ತೆ ಡಬ್ಬಿ ಹಿಡಿದೇ ನಿಂತರು. "ಹಾಗಾದ್ರೆ ನಾನೇ ತಿನ್ನಿಸ್ದೆ ಅಂತಾಯ್ತು."

ಹದಿನೈದು ದಿನದ ಸಿಟ್ಟು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಎಂದರೆ ಸುಳ್ಳೂ ಆಗುತ್ತಿರಲಿಲ್ಲ.

"ಅಂಗಡಿಯವನು ತಿನ್ನಿಸಿದ್ದು, ಅತ್ತೆ."

"ನಾಳೆಯಿಂದ ಗಂಜಿ ನೀನೇ ಮಾಡ್ಕೋ," ಎಂದರು ಅತ್ತೆ. ಡಬ್ಬಿಯನ್ನು ಅವಳತ್ತ ಚಾಚಿದರು.

ಅವಳು ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡಳು. "ನನ್ನ ಕೈಲಿ ಅವಳು ಉಣ್ಣಲ್ಲ. ನೀವೇ ಮಾಡ್ಬೇಕು."