ಹನ್ನೆರಡು ವಾರದ ಹಾಳೆ

ತೂಕದ ಯಂತ್ರದ ಗಾಜಿನ ಬಾಗಿಲು ಸರಿಸಿ ಸುಶ್ಮಿತಾ ಕ್ರೀಮಿನ ಎರಡನೇ ಟ್ಯೂಬನ್ನೂ ಒಳಗಿಟ್ಟಳು. ಕಳೆದ ತಿಂಗಳು ಬರೆದುಕೊಂಡಿದ್ದ ತೂಕವೇ ಬಂತು. ಮತ್ತೊಮ್ಮೆ ಇಟ್ಟಳು, ಅಷ್ಟೇ. ಆದರೆ ಎದುರು ಕೂತಿದ್ದ ನರಸಿಂಹಮ್ಮ ತಂದಿದ್ದ ಹಾಳೆಯಲ್ಲಿ ಹನ್ನೆರಡು ವಾರವೂ, ಒಂದು ದಿನ ತಪ್ಪದೆ, ಹಚ್ಚಿದ್ದಕ್ಕೆ ಗುರುತಾಗಿ ನೀಲಿ ಟಿಕ್ ಇತ್ತು.

ಹಿರೇಹಳ್ಳಿಯ ಆ ಚಿಕ್ಕ ಲ್ಯಾಬಿನಲ್ಲಿ ನಡೆಯುತ್ತಿದ್ದುದು ಪೆಪ್ಟೈಡ್ ಕ್ರೀಮಿನ ಪರೀಕ್ಷೆ. ಎಡಗೆನ್ನೆಗೊಂದು ಟ್ಯೂಬು, ಬಲಗೆನ್ನೆಗೊಂದು. ಒಂದರಲ್ಲಿ ಪೆಪ್ಟೈಡ್ ಎಂಬ ಪ್ರೋಟೀನಿನ ಚೂರು ಬೆರೆಸಿದ ಕ್ರೀಮು, ಇನ್ನೊಂದರಲ್ಲಿ ಬರೀ ಕ್ರೀಮು. ಯಾವುದು ಯಾವುದರಲ್ಲಿದೆ ಎಂದು ಹಚ್ಚಿಕೊಳ್ಳುವವರಿಗೂ ಗೊತ್ತಿಲ್ಲ, ಸುಶ್ಮಿತಾಳಿಗೂ ಗೊತ್ತಿಲ್ಲ. ಯಾವ ಕ್ರೀಮು ಹಚ್ಚಿದರೂ ಚರ್ಮ ನೀರು ಹಿಡಿದು ಸುಕ್ಕು ಒಂದಿಷ್ಟು ತಗ್ಗುತ್ತದೆ. ಪೆಪ್ಟೈಡಿನಿಂದಲೇ ಆಯಿತು ಎನ್ನಬೇಕಾದರೆ ಹೀಗೆ ಅಕ್ಕಪಕ್ಕ ಇಟ್ಟು ನೋಡಲೇಬೇಕು. ಟೀವಿಯಲ್ಲಿ ಹದಿನಾಲ್ಕೇ ದಿನಕ್ಕೆ ವಯಸ್ಸು ಇಳಿಸುವವರಿಗೆ ಈ ತಾಪತ್ರಯವಿಲ್ಲ. ಸುಶ್ಮಿತಾಳಿಗೆ ಸಿಕ್ಕಿದ್ದು ಇಪ್ಪತ್ತೆರಡೇ ಹೆಂಗಸರು. ಒಬ್ಬರು ಕೈಬಿಟ್ಟರೂ ಪರೀಕ್ಷೆ ಸೊರಗುತ್ತಿತ್ತು.

"ಅಮ್ಮ, ಈ ತಿಂಗಳು ಹಚ್ಕೊಂಡೇ ಇಲ್ವಾ?"

ನರಸಿಂಹಮ್ಮ ಇಲ್ಲವೆಂದು ತಲೆಯಾಡಿಸಿದರು. ಆಕೆಯ ಬರಿ ಹಣೆ, ಬಳೆಯಿಲ್ಲದ ಕೈ ಸುಶ್ಮಿತಾಳ ಕಣ್ಣಿಗೆ ಬಿದ್ದದ್ದು ಆಗಲೇ. ಬಂದಾಗಿನಿಂದ ಬರೀ ಕೆನ್ನೆ ನೋಡುತ್ತಿದ್ದುದಕ್ಕೆ ಅವಳಿಗೆ ನಾಚಿಕೆಯಾಯಿತು.

ಪ್ರತಿ ಸಲ ಜೊತೆಗೆ ಬರುತ್ತಿದ್ದವರು ಗಂಡ ಓಬಳಯ್ಯ. ನರಸಿಂಹಮ್ಮನಿಗೆ ಓದು ಬಾರದು. ಮರಳೂರಿನ ಮನೆಯಲ್ಲಿ ದಿನಾ ಬೆಳಿಗ್ಗೆ ಕನ್ನಡಕ ಏರಿಸಿ, ಟ್ಯೂಬಿನ ಮೇಲೆ ಎಡ, ಬಲ ಓದಿ, ಹೆಂಡತಿಯ ಕೆನ್ನೆಗೆ ಅವರೇ ಹಚ್ಚಿ ಟಿಕ್ ಹಾಕುತ್ತಿದ್ದರು. ಈ ವಯಸ್ಸಲ್ಲಿ ಇದೇನು ಶೋಕಿ ಎಂದು ಪಕ್ಕದ ಮನೆಯ ಭದ್ರಮ್ಮ ರೇಗಿಸಿದರೂ ಬಿಟ್ಟಿರಲಿಲ್ಲ. ಕಳೆದ ಸಲ ಇಲ್ಲಿಗೆ ಬಂದುಹೋದ ಸಂಜೆಯೇ ಎದೆನೋವೆಂದು ಆಸ್ಪತ್ರೆ ಸೇರಿದವರು, ಮೂರನೇ ದಿನ ತೀರಿಕೊಂಡರಂತೆ.

"ಆಸ್ಪತ್ರೆ ಮಂಚದ ಮೇಲೆ ಕೂತ್ಕೊಂಡು ಹಾಳೆ ಕೊನೇತಂಕ ಟಿಕ್ ಹಾಕ್ಬುಟ್ರು ಕಣವ್ವ," ಎಂದರು ನರಸಿಂಹಮ್ಮ. "ಬರೆಯೋದು ಮುಗ್ಸಿದೀನಿ, ನೀನು ಹಚ್ಕೊಂಡ್ರೆ ಸಾಕು, ಆ ಹುಡ್ಗಿ ಕೆಲ್ಸ ಕೆಡಬಾರ್ದು ಅಂದ್ರು. ನಂಗೆ ಹಚ್ಕೊಳಾಕೆ ಆಗ್ಲಿಲ್ಲ."

ಮೊದಲ ಟಿಕ್ಕುಗಳು ನೆಟ್ಟಗಿದ್ದವು. ಕೊನೆಯವು ಗೆರೆ ದಾಟಿ ಜಾರಿದ್ದವು. ಹಚ್ಚದ ದಿನಗಳ ಟಿಕ್ಕನ್ನು ಗೆರೆ ಎಳೆದು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಬೇಕು, ಅದು ನಿಯಮ. ಸುಶ್ಮಿತಾ ಪೆನ್ನು ಹಿಡಿದಳು, ಕೈ ಬರಲಿಲ್ಲ.

"ಹೊಡ್ದಾಕು ತಾಯಿ. ಹಚ್ಕೊಂಡಿಲ್ಲ ಅಂದ್ಮೇಲೆ ಹಚ್ಕೊಂಡಿಲ್ಲ."

ಇಪ್ಪತ್ತೆಂಟು ಟಿಕ್ಕನ್ನೂ ಒಂದೊಂದಾಗಿ ಹೊಡೆದುಹಾಕಿದಳು. ಮುಗಿಯುವವರೆಗೆ ಕಾದ ನರಸಿಂಹಮ್ಮ ಹಾಳೆಯನ್ನು ಎಳೆದುಕೊಂಡು ಮಗುಚಿದರು. ಪೆನ್ನು ಒತ್ತಿ ಹಿಂಬದಿಯಲ್ಲಿ ಉಬ್ಬಿದ್ದ ಗುರುತುಗಳ ಮೇಲೆ ಹೆಬ್ಬೆರಳು ಆಡಿಸುತ್ತ, ಇದನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದರು. ಗಂಡ ಕೊನೆಯದಾಗಿ ಬರೆದದ್ದು ಇದೇ.

ಪರೀಕ್ಷೆಯ ಮೂಲ ಹಾಳೆ ಫೈಲು ಬಿಟ್ಟು ಹೋಗುವಂತಿಲ್ಲ ಎಂದಳು ಸುಶ್ಮಿತಾ. ಬಣ್ಣದ ಜೆರಾಕ್ಸ್ ತೆಗೆದುಕೊಟ್ಟಳು. ನೀಲಿ ನೀಲಿಯಾಗಿಯೇ ಬಂದಿತ್ತು.

ನರಸಿಂಹಮ್ಮ ಅದನ್ನು ಇಸಿದುಕೊಂಡು, ಮಗುಚಿ, ಹೆಬ್ಬೆರಳನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಆಡಿಸಿದರು. ಕಾಗದ ನುಣ್ಣಗಿತ್ತು.